2 ಇಂಚಿನ ಕಿಟ್‌ಗೆ 3 ಇಂಚಿನ ಶಾಕ್: ನಿಮ್ಮ ಸೆಂಟರ್ ಮೇಲೆ ನನ್ನ ದೂರು

ದಿನಾಂಕ: 17 ಮಾರ್ಚ್ 2025
ಸಂಸೆ, ಕಳಸ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಸಸ್ಪೆನ್ಷನ್ ಕಿಟ್ ಮಾರಾಟ ಮತ್ತು ಫಿಟ್ಟಿಂಗ್ ಸೆಂಟರ್, ಬೆಂಗಳೂರು

ವಿಷಯ: ಗಾಡಿಯ ಹಿಂಭಾಗದ ಶಾಕ್ (ಶಾಕ್ ಅಬ್ಸಾರ್ಬರ್) ಮತ್ತು ಸ್ಪ್ರಿಂಗ್ ತಪ್ಪಾಗಿ ಕೊಟ್ಟಿರುವುದು, ವಾರಂಟಿ ನಿರಾಕರಿಸಿರುವುದು

ಮಾನ್ಯರೇ,

ಜನವರಿ 8ರಂದು ನಿಮ್ಮ ಸೆಂಟರ್‌ನಲ್ಲಿ ನನ್ನ ಐದು ಬಾಗಿಲಿನ ಮಾರುತಿ ಜಿಮ್ನಿಗೆ 2 ಇಂಚಿನ ಲಿಫ್ಟ್ ಕಿಟ್, ಅಂದರೆ ಗಾಡಿಯನ್ನು ಅಷ್ಟು ಎತ್ತರಿಸುವ ಸ್ಪ್ರಿಂಗ್, ಶಾಕ್‌ಗಳ ಸೆಟ್, ಹಾಕಿಸಿದೆ. ಕಿಟ್‌ಗೆ 68,500 ರೂಪಾಯಿ, ಫಿಟ್ಟಿಂಗ್‌ಗೆ 9,000. ಎರಡೂ ಬಿಲ್ಲಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಒಂದೂವರೆ ತಿಂಗಳಿಗೆ ಹಿಂದಿನ ಎರಡೂ ಶಾಕ್ ಎಣ್ಣೆ ಕಾರಲು ಶುರು ಮಾಡಿದವು. ಫೋಟೊ ಸಮೇತ ದೂರು ಕೊಟ್ಟೆ. ನಿಮ್ಮಿಂದ ಬಂದದ್ದು ಎರಡೇ ಸಾಲು: ‘ಆಫ್‌ರೋಡ್ ಬಳಕೆಯಿಂದ ಆದ ಹಾನಿ. ವಾರಂಟಿ ಅನ್ವಯಿಸುವುದಿಲ್ಲ.’ ಕಿಟ್ ಬಂದ ಡಬ್ಬದ ಮೇಲೆ ಹೊಳೆ ದಾಟುತ್ತಿರುವ ಜೀಪಿನ ಚಿತ್ರ ಹಾಕಿದ್ದೀರಿ ಸ್ವಾಮಿ. ಅದು ಯಾವ ರೋಡು?

ನಾನು ಗಾಡಿ ಎತ್ತರಿಸಿದ್ದು ಶೋಕಿಗಲ್ಲ. ಡಾಂಬರು ರಸ್ತೆಯಿಂದ ನಮ್ಮ ಮನೆಗೆ 3 ಕಿಲೋಮೀಟರ್ ತೋಟದ ದಾರಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಕೊರಕಲು ಬಿದ್ದು, ನಡುವೆ ದಿಬ್ಬ ಉಳಿದಿದೆ. ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2250 ಮಿ.ಮೀ., ನಮ್ಮ ದೇಶದಲ್ಲಿ ಮಾರುವ ಐದು ಬಾಗಿಲಿನದು 2590. ಉದ್ದ ಜಾಸ್ತಿ ಆದದ್ದರಿಂದ ದಿಬ್ಬ ಹತ್ತಿ ಇಳಿಯುವಾಗ ಹೊಟ್ಟೆ ತಾಗುತ್ತದೆ. ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬದ ಕೋನ ಮೂರು ಬಾಗಿಲಿನದರಲ್ಲಿ 28 ಡಿಗ್ರಿ, ಇದರಲ್ಲಿ 24. ನನಗೆ ಬೇಕಿದ್ದದ್ದು ಹೊಟ್ಟೆ ಉಳಿಸಿಕೊಳ್ಳುವುದು, ಅಷ್ಟೇ. ಇದು ರಿಜಿಡ್ ಆಕ್ಸಲ್ ಗಾಡಿ, ಎಡ ಬಲ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸಿರುತ್ತದೆ. ಎಷ್ಟು ಲಿಫ್ಟ್ ಮಾಡಿದರೂ ಆಕ್ಸಲ್ ಮೇಲಿನ ಗುಂಡು, ಅಂದರೆ ಡಿಫರೆನ್ಷಿಯಲ್, ಇದ್ದಲ್ಲೇ ಇರುತ್ತದೆ, ಟೈರ್ ದೊಡ್ಡದು ಮಾಡಿದರೆ ಮಾತ್ರ ಮೇಲೆ ಬರುತ್ತದೆ. ಇದನ್ನು ನಿಮ್ಮ ಸೇಲ್ಸ್ ಹುಡುಗನಿಗೆ ನಾನೇ ಹೇಳಿಕೊಡಬೇಕಾಯಿತು. ಆಗಲೇ ಎದ್ದು ಬರಬೇಕಿತ್ತು.

ಅವನಿಗೆ ಇನ್ನೊಂದು ವಿಷಯವನ್ನೂ ಬಿಡಿಸಿ ಹೇಳಿದ್ದೆ. ವಾರದಲ್ಲಿ ಐದು ದಿನ ಗಾಡಿ ಖಾಲಿ. ನಾನು, ಹಿಂದಿನ ಸೀಟಿನಲ್ಲಿ ನಮ್ಮಮ್ಮ. ಕಾಫಿ, ಮೆಣಸಿನ ಕೊಯ್ಲಿನ ಸಮಯದಲ್ಲಿ ಮಾತ್ರ ಎರಡು ಮೂಟೆ, ಅಂದರೆ ನೂರು ಕೆ.ಜಿ. ಆಸುಪಾಸು. ಅವನು ಬರೆದುಕೊಂಡ. ಬರೆದುಕೊಂಡು, ‘ಸರ್, ಹೆವಿ ಸ್ಪ್ರಿಂಗೇ ಹಾಕ್ಸಿಬಿಡಿ. ಇವತ್ತಲ್ಲ ನಾಳೆ ಲೋಡ್ ಹಾಕ್ತೀರಲ್ವಾ’ ಎಂದ. ನಿಮ್ಮದೇ ಕ್ಯಾಟಲಾಗ್ ಪ್ರಕಾರ ಆ ಸ್ಪ್ರಿಂಗ್ ಇರುವುದು ಹಿಂದೆ ಸದಾ 200 ಕೆ.ಜಿ. ಹೊತ್ತು ತಿರುಗುವ ಗಾಡಿಗೆ. ಅದು ನನಗೆ ಆಮೇಲೆ ಗೊತ್ತಾಯಿತು. ‘ಗ್ಯಾಸ್ ಶಾಕ್ ಸರ್, ಗಾಡಿ ತೇಲುತ್ತೆ’ ಎಂದೂ ಹೇಳಿದ. ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯದ ಹಾಗೆ ಹಿಡಿಯುವುದು ಶಾಕ್. ಒಳಗಿನ ಗ್ಯಾಸ್ ಇರುವುದು ಎಣ್ಣೆ ನೊರೆ ಬರದ ಹಾಗೆ ನೋಡಿಕೊಳ್ಳಲು. ತೇಲಿಸುವುದಕ್ಕಲ್ಲ.

ಹಾಕಿಸಿದ ದಿನವೇ ಗಾಡಿಯ ಹಿಂಭಾಗ ಜಾಸ್ತಿ ಎದ್ದ ಹಾಗೆ ಕಂಡಿತು. ಕೇಳಿದ್ದಕ್ಕೆ ‘ಸೆಟ್ ಆಗುತ್ತೆ ಸರ್, ಸಾವಿರ ಕಿಲೋಮೀಟರ್ ಓಡಿಸಿ’ ಎಂದರು. ಓಡಿಸಿದೆ. ಸೆಟ್ ಆಗಲಿಲ್ಲ. ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ಟೇಪ್ ಹಿಡಿದೆ. ಕಿಟ್ ಹಾಕುವ ಮೊದಲಿನ ಅಳತೆಗಿಂತ ಮುಂದೆ 52 ಮಿ.ಮೀ. ಏರಿತ್ತು, ಹಿಂದೆ 74. ಎರಡು ಇಂಚು ಅಂದರೆ 51 ಮಿ.ಮೀ. ನೂರು ಕೆ.ಜಿ. ಹೊರುವ ಗಾಡಿಗೆ ಇನ್ನೂರು ಕೆ.ಜಿ. ಹೊರೆಯ ಸ್ಪ್ರಿಂಗ್ ಹಾಕಿದರೆ ಇನ್ನೇನಾಗುತ್ತದೆ?

ಅಮ್ಮನಿಗೆ 74 ವರ್ಷ. ತಿಂಗಳಿಗೊಮ್ಮೆ ಮೂಡಿಗೆರೆಗೆ ಡಾಕ್ಟರ್ ಹತ್ತಿರ ಹೋಗಬೇಕು. ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು ಕೂತಿದ್ದರು. ಹಂಪ್ ಹತ್ತುವಾಗ ತೊಂದರೆ ಇಲ್ಲ. ಇಳಿದ ಮೇಲೆ ಹಿಂಭಾಗ ಚಿಮ್ಮಿ ಇವರನ್ನು ಸೀಟಿನಿಂದ ಮೇಲೆತ್ತುತ್ತದೆ. ‘ದುಡ್ಡು ಕೊಟ್ಟು ಹಾಳು ಮಾಡಿಸ್ಕೊಂಡು ಬಂದ್ಯಲ್ಲೋ’ ಎಂದರು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದು ವಾಪಸ್ ಚಿಮ್ಮುವುದನ್ನು ತಡೆಯುವ ಶಾಕ್ ಕೂಡ ಅಷ್ಟೇ ಬಿಗಿ ಇರಬೇಕು. ನೀವು ಕೊಟ್ಟ ಜೋಡಿ ಒಂದಕ್ಕೊಂದು ಸಂಬಂಧ ಇಲ್ಲದ್ದು.

ಫೆಬ್ರವರಿ ಮೂರನೇ ವಾರದಲ್ಲಿ ತೋಟದ ದಾರಿಯಲ್ಲಿ ಹಿಂದಿನಿಂದ ಸದ್ದು ಕೇಳತೊಡಗಿತು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಒಂದು ಚಕ್ರ ಕೊರಕಲಿನಲ್ಲಿ, ಇನ್ನೊಂದು ದಿಬ್ಬದ ಮೇಲೆ ಇದ್ದಾಗ ಮಾತ್ರ. ಬಗ್ಗಿ ನೋಡಿದರೆ ಎಡಗಡೆ ಶಾಕ್ ಮೇಲೆ ಕೆಂಪು ಧೂಳು ಎಣ್ಣೆಗೆ ಕಚ್ಚಿ ಕೆಸರಿನ ಹಾಗೆ ದಪ್ಪಗೆ ಕೂತಿತ್ತು. ಶಾಕ್ ಸ್ವಲ್ಪ ಬೆವರುವುದು ಸಹಜ, ನನಗೂ ಗೊತ್ತು. ಬಟ್ಟೆಯಲ್ಲಿ ಒರೆಸಿ ನಿಲ್ಲಿಸಿದೆ. ಬೆಳಿಗ್ಗೆ ಕೆಳಗೆ ಸಿಮೆಂಟ್ ಮೇಲೆ ಕಾಸಿನಗಲ ಎಣ್ಣೆ. ಇದು ಬೆವರಲ್ಲ.

ಕಳಸದ ನಮ್ಮ ಮೆಕ್ಯಾನಿಕ್ ಹತ್ತಿರ ಕಂಪ್ಯೂಟರ್ ಇಲ್ಲ, ಕಣ್ಣಿದೆ. ಶಾಕ್‌ನ ಧೂಳಿನ ಕವರ್ ತೆಗೆದು, ರಾಡ್‌ಗೆ ಒಂದು ಕೇಬಲ್ ಟೈ ಬಿಗಿದು, ಸೀಲ್ ತನಕ ತಳ್ಳಿ ಬಿಟ್ಟರು. ಆಮೇಲೆ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದರು. ಆಕ್ಸಲ್ ಮೇಲೆ ಬಂದಾಗ ತಡೆಯುವ ಬಂಪ್ ಸ್ಟಾಪ್ ರಬ್ಬರ್‌ನ ತುದಿಗೆ ಬೆರಳಲ್ಲಿ ಸುಣ್ಣ ಬಳಿದು, ಅದು ಹೋಗಿ ಬಡಿಯುವ ಜಾಗವನ್ನು ಒರೆಸಿ ಸ್ವಚ್ಛ ಮಾಡಿದರು. ‘ಈಗ ನಿಮ್ ದಾರೀಲೇ ಒಂದ್ ರೌಂಡ್ ಹೋಗ್ ಬನ್ನಿ’ ಎಂದರು. ಹೋಗಿ ಬಂದೆ. ಸದ್ದು ನಾಲ್ಕು ಸಲ ಕೇಳಿತು. ಬಂದು ನೋಡಿದರೆ ಕೇಬಲ್ ಟೈ ರಾಡ್‌ನ ಮೇಲ್ತುದಿಗೆ ಹೋಗಿ ಕೂತು ನಜ್ಜಾಗಿದೆ. ಬಂಪ್ ಸ್ಟಾಪ್ ಮೇಲಿನ ಸುಣ್ಣ ಬಳಿದ ಹಾಗೇ ಇದೆ. ಕೆಳಗೆ ಒಂದು ಚುಕ್ಕೆ ಬಿಳಿ ಇಲ್ಲ.

ಅರ್ಥ ಇಷ್ಟೇ. ಆಕ್ಸಲ್ ಮೇಲೆ ಬಂದಾಗ ಮೊದಲು ರಬ್ಬರ್‌ಗೆ ತಾಗಿ ನಿಲ್ಲಬೇಕು. ನನ್ನ ಗಾಡಿಯಲ್ಲಿ ಅದಕ್ಕೂ ಮೊದಲೇ ಶಾಕ್ ಪೂರ್ತಿ ಮುಚ್ಚಿಕೊಂಡು ಪೆಟ್ಟು ತಿನ್ನುತ್ತಿತ್ತು. ಆಮೇಲೆ ಸ್ಪ್ರಿಂಗ್ ತೆಗೆದು, ಆಕ್ಸಲ್ ಅನ್ನು ಜಾಕ್‌ನಲ್ಲಿ ಬಂಪ್ ಸ್ಟಾಪ್ ತನಕ ಎತ್ತಿ, ಶಾಕ್‌ನ ಎರಡು ಬೋಲ್ಟ್‌ಗಳ ನಡುವಿನ ಜಾಗ ಅಳೆದೆವು. ನಿಮ್ಮ ಶಾಕ್ ಪೂರ್ತಿ ಮುಚ್ಚಿದರೂ ಆ ಜಾಗಕ್ಕಿಂತ 22 ಮಿ.ಮೀ. ಉದ್ದ. ಸೀಲ್ ಹೋಗಿದೆ, ಮೇಲಿನ ಬುಶ್ ಎರಡೂ ಕಡೆ ಹರಿದಿದೆ, ಎಡಗಡೆ ಬೋಲ್ಟ್ ಬಗ್ಗಿದೆ. ಇನ್ನೂ ಓಡಿಸಿದ್ದರೆ ಶಾಸಿಯ ಮೇಲಿನ ಬ್ರಾಕೆಟ್ಟೇ ಕಿತ್ತು ಬರುತ್ತಿತ್ತು.

ಇಷ್ಟಾದ ಮೇಲೆ ಶಾಕ್ ತೊಳೆದು ಪಾರ್ಟ್ ನಂಬರ್ ಓದಿದೆ. ನಿಮ್ಮ ಕ್ಯಾಟಲಾಗ್‌ನಲ್ಲಿ ಆ ನಂಬರ್ ಇರುವುದು 3 ಇಂಚಿನ ಕಿಟ್‌ನಲ್ಲಿ. ಆ ಕಿಟ್‌ನ ಪಟ್ಟಿಯಲ್ಲಿ ಬಂಪ್ ಸ್ಟಾಪ್ ಕೆಳಗಿಳಿಸುವ ಸ್ಪೇಸರ್ ಮತ್ತು ಉದ್ದದ ಬ್ರೇಕ್ ಹೋಸ್ ಎರಡೂ ಇವೆ. ನನ್ನ ಬಿಲ್‌ನಲ್ಲಿ 2 ಇಂಚಿನ ಕಿಟ್ ಎಂದು ಬರೆದಿದ್ದೀರಿ. ಸ್ಪೇಸರ್ ಇಲ್ಲ, ಹೋಸ್ ಇಲ್ಲ. ಉದ್ದದ ಶಾಕ್ ಆದ್ದರಿಂದ ಆಕ್ಸಲ್ ಜಾಸ್ತಿ ಕೆಳಗೆ ಜೋತು ಬೀಳುತ್ತದೆ. ಆಗ ಹಿಂದಿನ ಬ್ರೇಕ್ ಹೋಸ್ ತಂತಿಯ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಅದರ ಫೋಟೊವನ್ನು ಬೇರೆಯಾಗಿ ಇಟ್ಟಿದ್ದೇನೆ. ದಯವಿಟ್ಟು ಅದನ್ನು ಮೊದಲು ನೋಡಿ. ಶಾಕ್ ಸೋರಿದರೆ ದುಡ್ಡು ಹೋಗುತ್ತದೆ, ಘಾಟಿಯಲ್ಲಿ ಬ್ರೇಕ್ ಹೋದರೆ ಹೋಗುವುದು ದುಡ್ಡಲ್ಲ.

ಸಣ್ಣಪುಟ್ಟದ್ದು ಇನ್ನೂ ಇವೆ. ಆಕ್ಸಲ್ ಅಡ್ಡಕ್ಕೆ ಜರುಗದ ಹಾಗೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್, ಲಿಫ್ಟ್ ಮಾಡಿದಾಗ ಆಕ್ಸಲ್ ಅನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ನನ್ನದು 8 ಮಿ.ಮೀ. ಜರುಗಿದೆ. ಅಡ್ಜಸ್ಟ್ ಮಾಡುವ ರಾಡ್ ಬೇಕಾ ಎಂದು ಯಾರೂ ಕೇಳಲಿಲ್ಲ. ಮುಂದಿನ ಕ್ಯಾಸ್ಟರ್ (ಸ್ಟೇರಿಂಗ್ ನೇರ ನಿಲ್ಲಿಸುವ ಕೋನ) ಸರಿಪಡಿಸುವ ಬುಶ್ ಹಾಕಿಲ್ಲ, ಹಾಸನದ ಹೈವೇಯಲ್ಲಿ ಸ್ಟೇರಿಂಗ್ ಅಲೆದಾಡುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಬಗ್ಗೆ ಕೇಳಿದಾಗ ‘ಅದೆಲ್ಲ ಏನೂ ಇಲ್ಲ ಸರ್’ ಎಂದು ನಕ್ಕರು. ಗಾಡಿಯನ್ನು ಮಾರ್ಪಾಡು ಮಾಡುವ ಬಗ್ಗೆ ಇರುವ ಸೆಕ್ಷನ್ನೇ ಅದು. ಅಲ್ಲಿ ನನ್ನ ತಪ್ಪೂ ಇದೆ, ಒಪ್ಪುತ್ತೇನೆ. ಆದರೆ ದಿನಾ ಇದೇ ವ್ಯಾಪಾರ ಮಾಡುವವರು ನಗಬಾರದು.

ಈಗ ಹಿಂದಕ್ಕೆ ಕಂಪನಿಯ ಹಳೇ ಶಾಕ್, ಸ್ಪ್ರಿಂಗ್ ವಾಪಸ್ ಹಾಕಿಸಿದ್ದೇನೆ. ‘ಹಳೇದು ಇಲ್ಲೇ ಬಿಟ್ ಹೋಗಿ’ ಎಂದಿದ್ದ ನಿಮ್ಮ ಹುಡುಗನ ಮಾತು ಕೇಳದೆ ಅಟ್ಟದಲ್ಲಿ ಇಟ್ಟಿದ್ದಕ್ಕೆ ಬಚಾವ್. ಗಾಡಿ ಮುಂದೆ ಎತ್ತರ, ಹಿಂದೆ ತಗ್ಗು, ನಾಯಿ ಕುಕ್ಕರುಗಾಲಲ್ಲಿ ಕೂತ ಹಾಗಿದೆ. ಹೆಡ್‌ಲೈಟ್ ಅಡಿಕೆ ಮರದ ತಲೆಗೆ ಹೊಡೆಯುತ್ತದೆ.

ನಾನು ಕೇಳುವುದು ಇಷ್ಟು. ಹಿಂದಿನ ಎರಡು ಶಾಕ್, ಎರಡು ಸ್ಪ್ರಿಂಗ್ ಬದಲಿಸಿ ಕೊಡಿ. ಸ್ಪ್ರಿಂಗ್ ನೂರು ಕೆ.ಜಿ. ಒಳಗಿನ ಹೊರೆಯದ್ದಾಗಿರಲಿ. ಶಾಕ್ ನಿಜವಾಗಿ 2 ಇಂಚಿನದ್ದಾಗಿರಲಿ. ಅದರ ಮುಚ್ಚಿದ ಉದ್ದ, ತೆರೆದ ಉದ್ದ ಎರಡನ್ನೂ ಕಾಗದದ ಮೇಲೆ ಬರೆದು ಕೊಡಿ, ನಾವೇ ಅಳೆದು ನೋಡುತ್ತೇವೆ. ಒಳ್ಳೆಯ ಬ್ರಾಂಡ್‌ಗಳ ಕ್ಯಾಟಲಾಗ್‌ನಲ್ಲಿ ಸಾಮಾನ್ಯವಾಗಿ ಈ ಎರಡು ಅಂಕಿ ಇರುತ್ತವೆ, ನಿಮ್ಮದರಲ್ಲಿ ಬರೀ ಎಷ್ಟು ಇಂಚು ಲಿಫ್ಟ್ ಎಂದು ಮಾತ್ರ ಇದೆ. ಅದಾಗದಿದ್ದರೆ ಮುಂದಿನದೂ ಸೇರಿ ಪೂರ್ತಿ ಕಿಟ್ ವಾಪಸ್ ತೆಗೆದುಕೊಂಡು 77,500 ರೂಪಾಯಿ ಹಿಂದಿರುಗಿಸಿ. ಕಳಸದ ಮೆಕ್ಯಾನಿಕ್‌ಗೆ ಕೊಟ್ಟ 3,200 ರೂಪಾಯಿಯನ್ನು ಎರಡರಲ್ಲಿ ಯಾವುದಾದರೂ ಕೊಡಲೇಬೇಕು. ಕೂಪನ್, ಮುಂದಿನ ಖರೀದಿಗೆ ಡಿಸ್ಕೌಂಟ್ ಬೇಡ.

ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾನು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅದಕ್ಕೆ ಬೆಂಗಳೂರಿಗೆ ಬರಬೇಕಿಲ್ಲ. ನೀವೇ ಇಲ್ಲಿಗೆ ಬರಬೇಕಾಗುತ್ತದೆ. 5 ಲಕ್ಷದೊಳಗಿನ ಖರೀದಿಗೆ ಅಲ್ಲಿ ಫೀಸೂ ಇಲ್ಲ.

ನಿಮ್ಮ ಶಾಕ್‌ಗಳನ್ನು, ನಜ್ಜಾದ ಕೇಬಲ್ ಟೈ ಬಿಚ್ಚದೆ, ಗೊಬ್ಬರದ ಚೀಲದಲ್ಲಿ ಕಟ್ಟಿ ಇಟ್ಟಿದ್ದೇನೆ. ಕೊರಿಯರ್ ಮಾಡುವುದಿಲ್ಲ. ನಿಮ್ಮ ಕಡೆಯವರು ಯಾರಾದರೂ ಬಂದು, ನನ್ನ ಎದುರಿಗೇ ಟೇಪ್ ಹಿಡಿದು ನೋಡಿ, ಸಹಿ ಹಾಕಿ ತೆಗೆದುಕೊಂಡು ಹೋಗಲಿ. ಬರುವ ಹಿಂದಿನ ದಿನ ಫೋನ್ ಮಾಡಿದರೆ ಸಾಕು, ಡಾಂಬರು ರಸ್ತೆಯ ತನಕ ನಾನೇ ಬರುತ್ತೇನೆ. ಅಲ್ಲಿಂದ ಮನೆಗೆ ನನ್ನ ಗಾಡಿಯಲ್ಲೇ ಬರಲಿ, ಹಿಂದಿನ ಸೀಟಿನಲ್ಲಿ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ ಪ್ರತಿ 2, ಮೆಕ್ಯಾನಿಕ್ ರಸೀದಿ, ಫೋಟೊ 11 (ಬ್ರೇಕ್ ಹೋಸ್‌ನದು ಬೇರೆ ಲಕೋಟೆಯಲ್ಲಿ)