ಕುಬ್ಜ ಲಾಡಿಹುಳುವಿನ ಸೋಂಕು: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ನಮ್ಮ ಶಾಲೆಯ ಕೆಲವು ಮಕ್ಕಳ ಮಲ ಪರೀಕ್ಷೆಯಲ್ಲಿ ಕುಬ್ಜ ಲಾಡಿಹುಳುವಿನ ಮೊಟ್ಟೆಗಳು ಕಂಡುಬಂದಿವೆ. ಯಾವ ಮಕ್ಕಳು ಎಂದು ನಾನು ಹೇಳುವುದಿಲ್ಲ, ದಯವಿಟ್ಟು ಯಾರೂ ಕೇಳಲೂ ಬೇಡಿ. ಗಾಬರಿಪಡುವಂಥ ಕಾಯಿಲೆ ಇದಲ್ಲ, ಔಷಧಿಗೆ ಬಗ್ಗುತ್ತದೆ. ಕಡೆಗಣಿಸಿದರೆ ಮಾತ್ರ ವರ್ಷಗಟ್ಟಲೆ ಹೊಟ್ಟೆಯಲ್ಲೇ ಉಳಿದುಬಿಡುತ್ತದೆ.

ಲಾಡಿಹುಳು ಎಂದರೆ ಮಾಂಸದಿಂದ ಬರುವ ಮಾರುದ್ದದ ಹುಳು ಎಂದೇ ಹಲವರ ಎಣಿಕೆ. ಇದು ಹಾಗಲ್ಲ. ಉದ್ದ ಹೆಚ್ಚೆಂದರೆ 4 ಸೆಂಟಿಮೀಟರ್, ಅಗಲ 1 ಮಿಲಿಮೀಟರ್‌ನಷ್ಟು. ಸೋಂಕಿತರ ಮಲದಲ್ಲಿ ಹೊರಬಿದ್ದ ಮೊಟ್ಟೆ ಕೈ, ನೀರು, ಆಹಾರದ ಮೂಲಕ ನೇರವಾಗಿ ಇನ್ನೊಬ್ಬರ ಬಾಯಿ ಸೇರುತ್ತದೆ. ಹಾಗಾಗಿ ಮಾಂಸ ಮುಟ್ಟದ ಮಗುವಿಗೂ ಬರಬಹುದು. ಇನ್ನೊಂದು ತೊಡಕಿದೆ: ಕೆಲವು ಮೊಟ್ಟೆಗಳು ಹೊರಗೆ ಬರುವುದೇ ಇಲ್ಲ, ಅದೇ ಕರುಳಿನಲ್ಲಿ ಒಡೆದು ಹೊಸ ಹುಳುಗಳಾಗುತ್ತವೆ. ಒಂದು ಹುಳುವಿನ ಆಯಸ್ಸು 4ರಿಂದ 6 ವಾರವಷ್ಟೇ ಆದರೂ ಸೋಂಕು ತಾನಾಗಿ ಮುಗಿಯದಿರುವುದಕ್ಕೆ ಇದೇ ಕಾರಣ.

ಬಹಳಷ್ಟು ಮಕ್ಕಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಹುಳುಗಳು ಹೆಚ್ಚಾದಾಗ ಹೊಟ್ಟೆನೋವು, ಭೇದಿ, ಊಟ ಸೇರದಿರುವುದು, ತಲೆನೋವು, ಸುಸ್ತು ಕಾಣಿಸಬಹುದು. ಮಲದಲ್ಲಿ ಹುಳು ಕಾಣಲಿಲ್ಲವೆಂದು ಸುಮ್ಮನಾಗಬೇಡಿ. ಮೊಟ್ಟೆಗಳು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಂಥವು, ಒಂದು ಸಲದ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವುದೂ ಉಂಟು.

ಜಂತುಹುಳುವಿಗೆಂದು ಸಾಮಾನ್ಯವಾಗಿ ನುಂಗಿಸುವ ಆಲ್ಬೆಂಡಜೋಲ್‌ನ ಒಂದು ಮಾತ್ರೆಯನ್ನು ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ವೈದ್ಯರು ಸಾಮಾನ್ಯವಾಗಿ ಪ್ರಾಜಿಕ್ವಾಂಟೆಲ್ ಬರೆದುಕೊಡುತ್ತಾರೆ. ಪ್ರಮಾಣವನ್ನು ಮಗುವಿನ ತೂಕ ನೋಡಿ ನಿರ್ಧರಿಸಬೇಕಾದ್ದರಿಂದ ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಕರುಳಿನ ಗೋಡೆಯಲ್ಲಿ ಅಡಗಿದ ಮರಿಗಳು ಆಮೇಲೆ ಬೆಳೆಯುವುದರಿಂದ ಕೆಲವು ದಿನ ಬಿಟ್ಟು ಎರಡನೇ ಸಲ ಔಷಧಿ ಕೊಡುವುದಿದೆ. ಮಗು ಚೆನ್ನಾಗಿದೆ ಎಂದು ಅದನ್ನು ತಪ್ಪಿಸಬೇಡಿ. ಒಂದೇ ಮನೆಯಲ್ಲಿ ಹಲವರಿಗೆ ಹರಡಿರುವ ಸಾಧ್ಯತೆ ಇರುವುದರಿಂದ ಮನೆಮಂದಿಯ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಚಿಕ್ಕ ತರಗತಿಯ ಮಕ್ಕಳು ಕೈ ತೊಳೆಯುವುದನ್ನು ನಲ್ಲಿಯ ಬಳಿ ನಿಂತು ನೋಡಿದ್ದೇನೆ. ಬೆರಳ ತುದಿ ಒದ್ದೆ ಮಾಡಿ ಅಂಗಿಗೆ ಒರೆಸಿಕೊಂಡು ಓಡುತ್ತಾರೆ, ಹೆಬ್ಬೆರಳು ಒಣಗಿಯೇ ಇರುತ್ತದೆ. ಶೌಚದ ನಂತರ, ಊಟಕ್ಕೆ ಮುಂಚೆ ಸೋಪು ಹಚ್ಚಿ ಉಗುರಿನ ಸಂದಿಯನ್ನೂ ಉಜ್ಜುವುದನ್ನು ಮನೆಯಲ್ಲಿ ಜೊತೆಗೆ ನಿಂತು ಕಲಿಸಿ. ವಾರಕ್ಕೊಮ್ಮೆ ಉಗುರು ಕತ್ತರಿಸಿ. ಆಹಾರವನ್ನು ಇಲಿ, ಹುಳಹುಪ್ಪಟೆ ತಾಗದಂತೆ ಮುಚ್ಚಿಡಿ. ಶಾಲೆಯ ಪ್ರತಿ ನಲ್ಲಿಯ ಬಳಿ ಸೋಪು ಇರುವಂತೆ ನೋಡಿಕೊಳ್ಳುವುದು ನನ್ನ ಹೊಣೆ.

ಸೋಂಕು ತಗುಲಿದ ಮಗುವನ್ನು ಯಾರೂ ಹಂಗಿಸಬಾರದು, ದೂರ ಕೂರಿಸಬಾರದು. ನಿಮ್ಮ ಮಗುವಿನ ಬಗ್ಗೆ ಸಂಶಯವಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ನಂತರ ನನಗೆ ತಿಳಿಸಿ. ವಿಷಯ ನಮ್ಮಲ್ಲೇ ಇರುತ್ತದೆ.

ಇತಿ,
ಮುಖ್ಯೋಪಾಧ್ಯಾಯಿನಿ