ಲಂಡನ್ನಿನ ಲೆಕ್ಕ ಎಡಿನ್‌ಬರ್ಗ್‌ನಲ್ಲಿ ನಡೆಯದು

ಮಾನ್ಯ ಸಂಪಾದಕರೇ,

ಫ್ರಾನ್ಸ್ ಬಿಟ್ಟು ಸ್ಕಾಟ್ಲೆಂಡಿನಲ್ಲಿ ಸಂಸಾರ ಹೂಡುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಸೊಗಸಾಗಿತ್ತು. ಆದರೆ ಅದರಲ್ಲಿ ‘ಬ್ರಿಟನ್ನಿನ ನಿಯಮ’ ಎಂದು ಕೊಟ್ಟದ್ದರಲ್ಲಿ ಬಹುಪಾಲು ಇಂಗ್ಲೆಂಡಿನದು. ಇಡೀ ದೇಶಕ್ಕೆ ಒಂದೇ ಆಗಿರುವುದು ವೀಸಾ. 2020ರ ಡಿಸೆಂಬರ್ 31ರೊಳಗೆ ಇಲ್ಲಿ ವಾಸವಿದ್ದ ಫ್ರೆಂಚರಿಗೆ ಪ್ರತ್ಯೇಕ ಯೋಜನೆ ಇದೆ. ಆಮೇಲೆ ದುಡಿಯಲು ಬಂದವರಿಗೆ ಸಾಮಾನ್ಯವಾಗಿ ಭಾರತೀಯರಂತೆಯೇ ವೀಸಾ ಬೇಕು. ಬಾಡಿಗೆ ಮನೆ ಹಿಡಿಯುವಾಗಿನಿಂದಲೇ ಸ್ಕಾಟ್ಲೆಂಡಿನ ಕಾನೂನು ಎದುರಾಗುತ್ತದೆ.

2017ರ ಡಿಸೆಂಬರ್‌ನಿಂದೀಚೆಗಿನ ಖಾಸಗಿ ಬಾಡಿಗೆ ಕರಾರಿಗೆ ನಿಗದಿತ ಅವಧಿ ಇಲ್ಲ. ಬಾಡಿಗೆದಾರ 28 ದಿನ ಮುಂಚೆ ಬರೆದು ತಿಳಿಸಿ ಹೊರಡಬಹುದು. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ (ಬೆಂಗಳೂರಿನವರು ನಿಟ್ಟುಸಿರು ಬಿಡಲಿ!). ಆ ಹಣವನ್ನು ಮಾಲೀಕ 30 ಕೆಲಸದ ದಿನಗಳೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಇಡಬೇಕು. ಇಡದಿದ್ದರೆ ಅದರ ಮೂರು ಪಟ್ಟಿನವರೆಗೆ ದಂಡ ಬೀಳಬಹುದು, ಆದರೆ ಬಾಡಿಗೆ ಮುಗಿದ 3 ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಅರ್ಜಿ ಹೋಗಿರಬೇಕು.

ಹೆಚ್ಚು ಜನ ಎಡವುವುದು ಮನೆ ಕೊಳ್ಳುವಾಗ. ಮಾರುವವರೇ ಹೋಮ್ ರಿಪೋರ್ಟ್ (ಮನೆಯ ಸ್ಥಿತಿ, ಅಂದಾಜು ಬೆಲೆ ತಿಳಿಸುವ ವರದಿ) ಮಾಡಿಸಬೇಕು ಎಂಬ ನಿಯಮ 2008ರಿಂದ ಇದೆ. ಅದರಲ್ಲಿ ಮನೆ ಪರೀಕ್ಷಿಸುವ ಸರ್ವೆಯರ್ ದುರಸ್ತಿಗಳಿಗೆ 1, 2, 3 ಎಂದು ದರ್ಜೆ ಕೊಟ್ಟಿರುತ್ತಾರೆ. 3 ಎಂದರೆ ತುರ್ತು. ಹಳೆಯ ಕಲ್ಲುಕಟ್ಟಡದ ಫ್ಲ್ಯಾಟ್ ಆಗಿದ್ದು ಛಾವಣಿಯ ಎದುರು 3 ಕಂಡರೆ, ಅದು ಮೇಲಿನ ಮಹಡಿಯವರ ತಲೆನೋವು ಎಂದುಕೊಳ್ಳಬೇಡಿ. ಖರ್ಚಿನ ಪಾಲು ಸಾಮಾನ್ಯವಾಗಿ ಕೆಳಮನೆಗೂ ಬರುತ್ತದೆ. ಜಾಹೀರಾತಿನ ‘ಆಫರ್ಸ್ ಓವರ್’ ಮೊತ್ತ ಆರಂಭದ ಬೆಲೆ ಅಷ್ಟೆ. ಆಸಕ್ತರು ಹಲವರಿದ್ದರೆ ಒಂದು ಕ್ಲೋಸಿಂಗ್ ಡೇಟ್ (ಬೆಲೆ ತಿಳಿಸಲು ಕೊನೆಯ ದಿನ) ಇಡುತ್ತಾರೆ; ಉಳಿದವರು ಎಷ್ಟು ಬರೆದಿದ್ದಾರೆಂದು ತಿಳಿಯದೆಯೇ ಸಾಲಿಸಿಟರ್ (ವಕೀಲರು) ಮೂಲಕ ನಮ್ಮ ಮೊತ್ತ ಕಳಿಸಬೇಕು. ಬ್ಯಾಂಕ್ ಸಾಲ ಕೊಡುವುದು ವರದಿಯ ಅಂದಾಜು ಬೆಲೆ ನೋಡಿಕೊಂಡು. ಅಂದಾಜು 2,00,000 ಪೌಂಡ್ ಇರುವ ಮನೆಗೆ 2,15,000 ಬರೆದರೆ ಮೇಲಿನ 15,000 ಕೈಯಿಂದ ಹೋಗಬೇಕು, ಅದೂ ಡೌನ್ ಪೇಮೆಂಟ್ ಬಿಟ್ಟು. ಫ್ರಾನ್ಸಿನಲ್ಲಿ ಕರಾರಿನ ನಂತರವೂ ಕೊಳ್ಳುವವರಿಗೆ ಮನಸ್ಸು ಬದಲಿಸಲು 10 ದಿನ ಇರುತ್ತದೆ. ಇಲ್ಲಿ ಎರಡೂ ಕಡೆಯ ಸಾಲಿಸಿಟರುಗಳು ‘ಮಿಸಿವ್ಸ್’ ಎಂಬ ಕರಾರು ಪತ್ರಗಳನ್ನು ಮುಗಿಸಿದರೆಂದರೆ ಹಿಂದೆ ಸರಿದವರು ನಷ್ಟ ಕಟ್ಟಿಕೊಡಬೇಕಾದೀತು.

ಫ್ರಾನ್ಸಿನಲ್ಲಿ ಸ್ವಂತ ವಾಸದ ಮನೆಯ ನಿವಾಸ ತೆರಿಗೆ 2023ರಿಂದ ಇಲ್ಲ. ಇಲ್ಲಿ ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಬಾಡಿಗೆದಾರರ ಹೆಗಲಿಗೇ. ನೀರು, ಒಳಚರಂಡಿ ಶುಲ್ಕವೂ ಅದೇ ಬಿಲ್ಲಿನಲ್ಲಿ. ಒಬ್ಬರೇ ಇದ್ದರೆ ಶೇ 25 ರಿಯಾಯಿತಿ ಇದೆ, ಅರ್ಜಿ ಹಾಕಿ ಕೇಳಬೇಕು. ವೈದ್ಯರ ಚೀಟಿಯ ಔಷಧಕ್ಕೆ 2011ರಿಂದ ದುಡ್ಡಿಲ್ಲ. ಆದರೆ ತಜ್ಞರನ್ನು ಕಾಣಲು ಸಾಮಾನ್ಯವಾಗಿ ಜಿಪಿಯ (ಕುಟುಂಬ ವೈದ್ಯರ) ಶಿಫಾರಸು ಬೇಕು.

ಕುಡಿದು ವಾಹನ ಓಡಿಸುವ ಮಿತಿಯೂ ಬೇರೆ: ಇಂಗ್ಲೆಂಡಿನಲ್ಲಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ ಆದರೆ ಇಲ್ಲಿ 2014ರಿಂದ ಫ್ರಾನ್ಸಿನಂತೆ 50. ಅಂಗಡಿಯಲ್ಲಿ ವೈನ್ ಸಿಗುವುದು ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ. ಫ್ರೆಂಚರು ಗೊಣಗುವುದು ಇದಕ್ಕೇ.

ಇಲ್ಲಿಗೆ ಹೊರಟ ಕನ್ನಡಿಗರಿಗೆ ಇನ್ನೊಂದು ಮಾತು. ಫ್ರೆಂಚ್ ಡ್ರೈವಿಂಗ್ ಲೈಸೆನ್ಸನ್ನು ಪರೀಕ್ಷೆ ಇಲ್ಲದೆ ಬದಲಿಸಿಕೊಳ್ಳಬಹುದು. ನಮ್ಮದು 12 ತಿಂಗಳು ಮಾತ್ರ ನಡೆಯುತ್ತದೆ. ನಂತರ ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಪಾಸು ಮಾಡಬೇಕು. ಪರೀಕ್ಷೆಯ ದಿನಾಂಕ ಬೇಗ ಸಿಗುವುದಿಲ್ಲವಾದ್ದರಿಂದ ಬಂದ ಕೂಡಲೇ ಪ್ರೊವಿಷನಲ್ ಲೈಸೆನ್ಸ್‌ಗೆ (ನಮ್ಮ ಎಲ್‌ಎಲ್ ಇದ್ದಂತೆ) ಅರ್ಜಿ ಹಾಕಿ.

– ಕನ್ನಡಿಗ ಓದುಗರು, ಎಡಿನ್‌ಬರ್ಗ್