ಹಾಡು ಬರೆದವರ ಹೆಸರು ಎಲ್ಲಿ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಗಾಯಕ ಎಲ್ಟನ್ ಜಾನ್ ಬಗ್ಗೆ ಬಂದ ಬರಹ ಓದಿದೆ. 1971ರ ‘ಫ್ರೆಂಡ್ಸ್’ ಸಿನಿಮಾದ ಹಾಡುಗಳನ್ನು ನೆನೆಸಿಕೊಂಡಿದ್ದು ಖುಷಿಯಾಯಿತು. ಆ ರೆಕಾರ್ಡ್ ಕೇಳಿದವರೇ ಕಡಿಮೆ. ಆದರೆ ಬರ್ನಿ ಟಾಪಿನ್ ಹೆಸರು ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆ.

ಎಲ್ಟನ್ ಹಾಡಿದ ಆ ಸಾಲುಗಳನ್ನು ಬರೆದವರು ಟಾಪಿನ್. 1967ರಲ್ಲಿ ಹೊಸ ಪ್ರತಿಭೆಗಳನ್ನು ಹುಡುಕುತ್ತಿದ್ದ ರೆಕಾರ್ಡ್ ಕಂಪನಿಯೊಂದು ಪತ್ರಿಕೆಯಲ್ಲಿ ಹಾಕಿದ್ದ ಜಾಹೀರಾತನ್ನು ನೋಡಿ ಇಬ್ಬರೂ ಬೇರೆ ಬೇರೆಯಾಗಿ ಪತ್ರ ಹಾಕಿದ್ದರು. ಟಾಪಿನ್‌ಗೆ ಆಗ 17 ವರ್ಷ, ಲಿಂಕನ್‌ಶೈರ್‌ನ ಹಳ್ಳಿ ಹುಡುಗ. ಅವರ ಸಾಹಿತ್ಯವಿದ್ದ ಲಕೋಟೆಯನ್ನು ಕಂಪನಿಯವರು ಎಲ್ಟನ್ ಕೈಗಿಟ್ಟರು. ಮುಖ ನೋಡುವ ಮೊದಲೇ ಎಲ್ಟನ್ ರಾಗ ಹಾಕಲು ಶುರು ಮಾಡಿದರು. 37 ವರ್ಷ ಲಕೋಟೆಗಳಿಗೆ ಮುದ್ರೆ ಒತ್ತಿದವನು ನಾನು, ಈ ಕಥೆ ನನಗೆ ಸ್ವಲ್ಪ ಜಾಸ್ತಿಯೇ ಇಷ್ಟ.

ನಮ್ಮ ಸಿನಿಮಾದಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಇವರದು ಉಲ್ಟಾ. ಟಾಪಿನ್ ಬರೆದುಕೊಟ್ಟ ಮೇಲೆಯೇ ಎಲ್ಟನ್ ಪಿಯಾನೊ ಮುಂದೆ ಕೂರುವುದು. ಹಾಗಿರುವಾಗ ಬರೆದವರನ್ನೇ ಬಿಟ್ಟರೆ ಹೇಗೆ?

ಈ ಸಿನಿಮಾ ಒಪ್ಪಿಕೊಂಡಾಗ ಇಬ್ಬರಿಗೂ ಅಂಥ ಹೆಸರಿರಲಿಲ್ಲ. ರೆಕಾರ್ಡ್ ಹೊರಬರುವಷ್ಟರಲ್ಲಿ ಇವರದೇ ಬೇರೊಂದು ಹಾಡು ‘ಯುವರ್ ಸಾಂಗ್’ ಹಿಟ್ ಆಗಿತ್ತು. ನನ್ನ ಎಲ್‌ಪಿ ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಸಿಕ್ಕಿದ್ದು, ಕವರ್ ಹರಿದಿದೆ. ಎಲ್ಲಾ ಚೆನ್ನಾಗಿದೆ ಅಂತ ಸುಮ್ನೆ ಹೇಳಲಾರೆ. ಪಾಲ್ ಬಕ್‌ಮಾಸ್ಟರ್ ಅವರ ವಾದ್ಯಸಂಗೀತವೇ ತುಂಬಾ ಜಾಗ ತಿಂದಿದೆ. ‘ಫೋರ್ ಮೂಡ್ಸ್’ ಒಂದೇ 10 ನಿಮಿಷ ದಾಟುತ್ತದೆ, ಅಷ್ಟರಲ್ಲಿ ನಾನು ಒಳಗೆ ಹೋಗಿ ಕಾಫಿ ಬೆರೆಸಿಕೊಂಡು ಬರುತ್ತೇನೆ. ‘ಮಿಶೆಲ್ಸ್ ಸಾಂಗ್’ ಬಂದರೆ ಮಾತ್ರ ಕಾಫಿ ಆರಿದರೂ ಗಮನಕ್ಕೆ ಬರುವುದಿಲ್ಲ. ಈ ಸಿನಿಮಾದ ಸಂಗೀತ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆದಿತ್ತು.

ನಾವು ಆಕಾಶವಾಣಿ ಕೇಳಿ ಬೆಳೆದವರು. ‘ಸಾಹಿತ್ಯ ಚಿ. ಉದಯಶಂಕರ್, ಸಂಗೀತ ರಾಜನ್–ನಾಗೇಂದ್ರ’ ಅಂತ ಹೇಳಿಯೇ ಹಾಡು ಹಾಕುತ್ತಿದ್ದರು. ಅದನ್ನು ಕೇಳಿ ಕೇಳಿಯೇ ನಮಗೆ ಕವಿಗಳ ಹೆಸರು ಬಾಯಿಪಾಠ ಆಗಿದ್ದು. ಈಗ ನಮ್ಮೂರಲ್ಲಿ ಸಿಗುವ ಒಂದು ಎಫ್‌ಎಂನಲ್ಲಿ ಹಾಡಿನ ಹಿಂದೆ ಹಾಡು, ಯಾರದು ಅಂತ ಹೇಳುವವರೇ ಇಲ್ಲ. ಮೊಮ್ಮಗಳ ಫೋನಿನಲ್ಲಿ ಸಾಹಿತ್ಯ ಬರೆದವರ ಹೆಸರು ಹುಡುಕಲು ಮೂರು ಕಡೆ ಒತ್ತಬೇಕಾಯಿತು.

ನಿಮ್ಮ ಪತ್ರಿಕೆಯಲ್ಲಾದರೂ ಹಾಡಿನ ಮಾತು ಬಂದಾಗ ಬರೆದವರ ಹೆಸರು ಹಾಕಿ. ಈ ಸಲದ್ದಕ್ಕೆ ಮುಂದಿನ ಭಾನುವಾರ ಒಂದು ತಿದ್ದುಪಡಿ ಬಂದರೆ ಸಂತೋಷ.

– ನಿವೃತ್ತ ಅಂಚೆ ನೌಕರ, ಹಾಸನ